ಪ್ರೊಫೆಸರ್‌ಗೆ ಸಿಳ್ಳೆ ಹೊಡೆದ ವರ್ಷ

ಮೊನ್ನೆ ಸಿಂಗಪುರದಲ್ಲಿ ಮಗಳ ಮನೆ ಬ್ಲಾಕಿನ ಕೆಳಗಡೆ ಇರೋ ಕ್ಲಿನಿಕ್ಕಿಗೆ ಹೋಗಿದ್ದೆ. ಶುಗರ್ ನೋಡ್ಬೇಕು ಅಂತ ನರ್ಸಮ್ಮ ಕೈಗೊಂದು ಪ್ಲಾಸ್ಟಿಕ್ ಡಬ್ಬಿ ಕೊಟ್ಟು ಬಾತ್‌ರೂಮ್ ಕಡೆ ಬೆರಳು ತೋರ್ಸಿದ್ಲು. ನನ್ನ ವಯಸ್ಸಲ್ಲಿ ಕೇಳಿದ ತಕ್ಷಣ ಬರೋದು ಬೈಗುಳ ಒಂದೇ. ಬಾಗಿಲು ಹಾಕ್ಕೊಂಡು ನಿಂತೆ. ಗೋಡೆ ಟೈಲ್ಸ್ ನೋಡ್ದೆ, ನಲ್ಲಿ ನೋಡ್ದೆ, ಕನ್ನಡೀಲಿ ನನ್ನ ಮೀಸೆ ನೋಡ್ದೆ. ಆಮೇಲೆ ತುಟಿ ಮುಂದೆ ಮಾಡಿ ಮೆಲ್ಲಗೆ ಸಿಳ್ಳೆ ಹೊಡ್ದೆ. ಒಂದೇ ಸ್ವರ, ಉದ್ದಕ್ಕೆ, ಕೊನೇಲಿ ಸ್ವಲ್ಪ ಕೆಳಗಿಳಿಯೋ ಹಾಗೆ. ಡಬ್ಬಿ ತುಂಬ್ತು.

ಹೊರಗೆ ಬಂದ್ರೆ ನನ್ನ ಹೆಂಡತಿ ಕಮಲ ಬೆಂಚಿನ ಮೇಲೆ ತಲೆ ತಗ್ಗಿಸ್ಕೊಂಡು ಕೂತಿದ್ಲು.

"ರೀ, ನಿಮ್ಮ ಸಿಳ್ಳೆ ಇಡೀ ಕ್ಲಿನಿಕ್ಕಿಗೆ ಕೇಳಿಸ್ತು."

"ಕೇಳಿಸ್ಲಿ ಬಿಡೆ. ಇನ್ನಾರಿಗಾದ್ರೂ ಅನುಕೂಲ ಆಗಿರತ್ತೆ."

"ಈ ಹಾಳು ವಿದ್ಯೆ ಇನ್ನೂ ಮರ್ತಿಲ್ವಾ ನೀವು?"

ಮರೆಯೋದು ಹೆಂಗೆ. ಈ ವಿದ್ಯೆಯಿಂದ ನಾನು ಹಿಂದೊಂದ್ಸಲ ಅದೇ ಊರಲ್ಲಿ ಒಂದು ಕುದುರೇನೂ ಒಬ್ಬ ಮನುಷ್ಯನ್ನೂ ದಡ ಸೇರಿಸಿದೀನಿ. ಆ ಮನುಷ್ಯ ಒಪ್ಪಲ್ಲ, ಅದು ಬೇರೆ ಮಾತು.

ಅದು ಸಿಂಗಪುರ ಸ್ವತಂತ್ರ ಆಗಿ ಐವತ್ತು ತುಂಬಿದ ವರ್ಷ. ಚೋವಾ ಚು ಕಾಂಗ್‌ನ ಬ್ಲಾಕುಗಳ ಕಿಟಕಿ ಕಿಟಕಿಗೂ ಬಾವುಟ ತೂಗ್ತಿತ್ತು. ಮಗಳು ಶೈಲಾ ಬ್ಯಾಂಕಲ್ಲಿ, ಅಳಿಯ ಯಾವ್ದೋ ಕಂಪ್ಯೂಟರ್ ಕಂಪನೀಲಿ. ಇಬ್ರೂ ಬೆಳಿಗ್ಗೆ ಎಂಆರ್‌ಟಿ ರೈಲು ಹತ್ತಿ ಹೋದ್ರೆ ಮನೇಲಿ ನಾನು, ಕಮಲ, ಟೀವಿ. ಕೆಳಗೆ ವಾಯ್ಡ್ ಡೆಕ್ ಅಂತ ಬ್ಲಾಕಿನ ಬುಡದಲ್ಲಿರೋ ಖಾಲಿ ಜಾಗದಲ್ಲಿ ಮುದುಕರು ಚೆಸ್ ಥರದ್ದೊಂದು ಆಟ ಆಡ್ತಿದ್ರು. ಅವರ ಹಿಂದೆ ನಿಂತ್ಕೊಂಡು ತಪ್ಪು ತಪ್ಪು ನಡೆ ಹೇಳ್ಕೊಡ್ತಿದ್ದೆ. ಒಂದು ವಾರಕ್ಕೆ ಅವ್ರೂ ನನ್ನ ನೋಡಿ ಬೋರ್ಡು ಮಡಚಕ್ಕೆ ಶುರು ಮಾಡಿದ್ರು.

ನಾನು ಸೈನ್ಯದಲ್ಲಿ ಕುದುರೆಗಳ ಜೊತೆ ಬೆಳೆದೋನು, ದಫೇದಾರ ಆಗಿ ರಿಟೈರ್ ಆದೋನು. ಹೆಸರು ರಂಗಪ್ಪ. ಮೈಸೂರಲ್ಲಿ ಯಾರನ್ನ ಬೇಕಾದ್ರೂ ಕೇಳಿ, ಅರ್ಧ ಜನ ಹೊಗಳ್ತಾರೆ, ಇನ್ನರ್ಧ ಜನ ನನ್ನಿಂದ ಮೋಸ ಹೋದೋರು. ಕುದುರೆ ವಾಸನೆ ನಂಗೆ ಅರ್ಧ ಮೈಲಿಯಿಂದ ಗೊತ್ತಾಗತ್ತೆ. ಒಂದಿನ ಬೆಳಿಗ್ಗೆ ವಾಕಿಂಗ್ ಹೋದಾಗ ಬಸ್ ಸ್ಟಾಪಲ್ಲಿ ಒಬ್ಬ ನನ್ನ ಪಕ್ಕ ಬಂದು ನಿಂತ. ಗಮ್ ಅಂತು. ಬೆವರು, ಒಣಹುಲ್ಲು, ಜೀನಿನ ಎಣ್ಣೆ. ಅವನು ಹತ್ತಿದ ಬಸ್ಸನ್ನೇ ಹತ್ತಿ ಕೂತೆ. ತರಕಾರಿ ತೋಟಗಳಿರೋ ಕಡೆ ಅವನು ಇಳ್ದ, ನಾನೂ ಇಳ್ದೆ. ಅವನು ತಿರುಗಿ ನೋಡಿ ತಮಿಳಲ್ಲಿ ಕೇಳ್ದ, "ಅಂಕಲ್, ಯಾಕೆ ನನ್ನ ಹಿಂದೆ ಬರ್ತಿದೀರ? ನೀವು ಪೊಲೀಸಾ?"

"ಪೊಲೀಸಾಗಿದ್ರೆ ಟಿಕೆಟ್ ತಗೊಂಡು ಬರ್ತಿದ್ನಾ?" ಅಂದೆ. ಬೆಂಗಳೂರು ಕಂಟೋನ್ಮೆಂಟಲ್ಲಿ ಕಲಿತ ತಮಿಳು ನಂದು, ಎಲ್ಲಿಗೆ ಹೋದ್ರೂ ಅನ್ನ ಹಾಕತ್ತೆ.

ನಕ್ಕ. ಮುಂದಿನ ಎರಡು ಹಲ್ಲಿರ್ಲಿಲ್ಲ. ಅವನೇ ಸೆಲ್ವಂ.

ಒಳಗೆ ಹೋದ್ರೆ ದೊಡ್ಡ ಲಾಯ. ರೇಸಿಂದ ರಿಟೈರಾದ ಕುದುರೆಗಳೇ ಜಾಸ್ತಿ. ಅದನ್ನ ನಡೆಸ್ತಿದ್ದದ್ದು ಮೇಡಂ ಓಂಗ್ ಅಂತ ಐವತ್ತು ದಾಟಿದ ಚೀನೀ ಹೆಂಗಸು, ಗಿಡ್ಡಗೆ, ಗಮ್ ಬೂಟು ಹಾಕ್ಕೊಂಡು, ನಗು ಅನ್ನೋದು ಮುಖದಲ್ಲಿ ಎಲ್ಲಿರತ್ತೆ ಅಂತಾನೇ ಗೊತ್ತಾಗ್ದಿರೋ ಥರ. ಅವ್ರು ಆ ವರ್ಷ ಒಂದು ಕೋರ್ಸ್ ನಡೆಸ್ತಿದ್ರು. ಸೈನ್ಯದಿಂದ ಹೊರಗೆ ಬಂದು ಏನು ಮಾಡ್ಬೇಕು ಅಂತ ತೋಚ್ದೆ ಇರೋರು, ಡ್ರಗ್ಸ್ ಚಟ ಬಿಟ್ಟು ಹೊಸದಾಗಿ ಬದುಕು ಶುರು ಮಾಡ್ತಿರೋರು, ಅಂಥೋರಿಗೆ ಕುದುರೆ ನೋಡ್ಕೊಳ್ಳೋ ಕೆಲಸ ಕಲಿಸೋದು. ಆ ಊರಲ್ಲೂ ಕುದುರೆ ನೋಡ್ಕೊಳ್ಳೋನ್ನ ಸಯೀಸ ಅಂತಾನೇ ಅನ್ನೋದು, ನಮ್ಮ ಹಾಗೇ. ಆ ಮಾತು ಕಿವಿಗೆ ಬಿದ್ದಿದ್ದೇ ನಂಗೆ ತವರುಮನೆ ಸಿಕ್ಕಿದ ಹಾಗಾಯ್ತು.

ಮೇಡಂ ಓಂಗ್ ನನ್ನ ಅಡಿಯಿಂದ ಮುಡಿವರೆಗೆ ನೋಡಿದ್ರು. ನಾನು ನನ್ನ ಸರ್ವಿಸ್ಸು, ಮೆಡಲ್ಲು, ಹಿಮದಲ್ಲಿ ಕುದುರೆ ನಡೆಸಿದ್ದು, ಒಬ್ಬ ಕರ್ನಲ್ಲನ್ನ ಕುದುರೆಯಿಂದ ಬೀಳಿಸಿ ಅವ್ರ ಕೈಲೇ ಥ್ಯಾಂಕ್ಸ್ ಹೇಳಿಸ್ಕೊಂಡಿದ್ದು ಎಲ್ಲಾ ಒಂದೇ ಉಸಿರಲ್ಲಿ ಹೇಳ್ದೆ.

"ಅಂಕಲ್, ನೀವು ಇಲ್ಲಿ ವಿಸಿಟರ್. ವರ್ಕ್ ಪರ್ಮಿಟ್ ಇಲ್ಲ. ಕೆಲಸ ಮಾಡೋ ಹಾಗಿಲ್ಲ," ಅಂದ್ರು.

"ಮಾತಾಡಕ್ಕೆ ಪರ್ಮಿಟ್ ಬೇಕಾ ಮೇಡಂ?"

ಯೋಚ್ನೆ ಮಾಡಿದ್ರು. ಒಂದು ಕೆಂಪು ಪ್ಲಾಸ್ಟಿಕ್ ಕುರ್ಚಿ ತಂದು ಲಾಯದ ನಡುದಾರೀಲಿ ಇಟ್ರು. "ಕೂತ್ಕೊಳ್ಳಿ. ಕೈ ಜೇಬಲ್ಲಿರ್ಲಿ. ಕುದುರೆ ಮುಟ್ಟಿದ್ರೆ ಮನೆಗೆ ಕಳಿಸ್ತೀನಿ."

ಹಂಗೆ ನಾನು ಪ್ರಪಂಚದಲ್ಲಿ ಯಾರೂ ಮಾಡದ ಕೆಲಸ ಮಾಡ್ದೆ. ಕೈ ಜೇಬಲ್ಲಿಟ್ಕೊಂಡು, ಬರೀ ಬಾಯಲ್ಲಿ, ಆರೇಳು ಜನಕ್ಕೆ ಮಾಲೀಸು ಕಲಿಸ್ದೆ. "ಹುಲ್ಲಿನ ಸಿಂಬಿ ಮಾಡ್ಕೊ, ಭುಜದ ಭಾರ ಬಿಟ್ಟು ಉಜ್ಜು, ನಿನ್ನ ಅತ್ತೆ ಮನೆ ಪಾತ್ರೆ ಅಲ್ಲ ಅದು" ಅಂತ. ದಿನಾ ಬೆಳಿಗ್ಗೆ ಬಸ್ಸಲ್ಲಿ ಹೋಗೋದು, ಮಧ್ಯಾಹ್ನ ಬರೋದು. ಕಮಲ ಮೂಗು ಮುಚ್ಕೊಂಡು ಬಾಗಿಲು ತೆಗೀತಿದ್ಲು. "ಲಿಫ್ಟಲ್ಲಿ ಜನ ನಮ್ಮನ್ನ ನೋಡಿ ದೂರ ನಿಲ್ತಾರೆ ಕಣ್ರೀ" ಅಂತಿದ್ಲು. "ಒಳ್ಳೇದಾಯ್ತಲ್ಲ, ಜಾಗ ಜಾಸ್ತಿ ಸಿಗತ್ತೆ" ಅಂತಿದ್ದೆ.

ಕಲಿಯೋರಲ್ಲಿ ಹಮೀದ್ ಅಂತ ಒಬ್ಬ ಮಲಯ್, ಸೈನ್ಯದಲ್ಲಿ ಸಾರ್ಜೆಂಟ್ ಆಗಿದ್ದೋನು. ಬಕೆಟ್ ಇಟ್ರೂ ಅಟೆನ್ಷನ್‌ನಲ್ಲಿ ಇಡ್ತಿದ್ದ. ಪೆನ್ಷನ್ ಇತ್ತು, ಕೆಲಸದ ಅವಸರ ಇರ್ಲಿಲ್ಲ. "ಮನೇಲಿ ಇಡೀ ದಿನ ಹೆಂಡತಿ ಜೊತೆ ಇರಕ್ಕೆ ನಂಗೆ ಟ್ರೈನಿಂಗ್ ಕೊಟ್ಟಿಲ್ಲ ಅಂಕಲ್" ಅಂತಿದ್ದ. ಅವಸರ ಇದ್ದದ್ದು ಸೆಲ್ವಂಗೆ.

ಸೆಲ್ವಂ ನಲವತ್ತು ದಾಟಿದ್ದ. ಹೆರಾಯಿನ್ ಅವನ ಹಲ್ಲು, ಹೆಂಡತಿ, ಅರ್ಧ ಆಯಸ್ಸು ತಿಂದಿತ್ತು. ಈಗ ಬಿಟ್ಟಿದ್ದ, ಗಟ್ಟಿಯಾಗೇ ಬಿಟ್ಟಿದ್ದ, ಅಂಥೋರಿಗೇ ಅಂತ ಇರೋ ಒಂದು ಹಾಸ್ಟೆಲ್ಲಲ್ಲಿದ್ದ. ಅವನ ತಾಯಿ ಹೌಗಾಂಗ್ ಅನ್ನೋ ಬಡಾವಣೇಲಿ ಒಬ್ರೇ. ಅವ್ರು ಮಗನಿಗೆ ಒಂದೇ ಮಾತು ಹೇಳಿದ್ರಂತೆ: ಆಣೆ ಪ್ರಮಾಣ ತಗೊಂಡು ಮನೆಗೆ ಬರ್ಬೇಡ, ಕೆಲಸ ತಗೊಂಡು ಬಾ. ಕೋರ್ಸ್ ಮುಗಿದ ಮೇಲೆ ಈ ಲಾಯದಲ್ಲೇ ಒಂದು ಜಾಗ ಖಾಲಿ ಇತ್ತು. ಅದಕ್ಕೆ ಎರಡು ಷರತ್ತು. ಕೊನೇ ಪರೀಕ್ಷೆ ಪಾಸಾಗ್ಬೇಕು. ಅಲ್ಲಿವರೆಗೂ ಯೂರಿನ್ ಟೆಸ್ಟಲ್ಲಿ ಒಂದು ಸಲಾನೂ ಎಡವಬಾರ್ದು.

ಈ ಎರಡನೇದೇ ಅವನಿಗೆ ಕಂಟಕ ಆಗಿದ್ದು. ಚಟ ಬಿಟ್ಟೋರು ವಾರ ವಾರ ಸರ್ಕಾರದ ಸೆಂಟರಿಗೆ ಹೋಗಿ ರಿಪೋರ್ಟ್ ಮಾಡ್ಕೊಂಡು ಉಚ್ಚೆ ಕೊಡ್ಬೇಕು. ಅದು ಅಲ್ಲಿನ ರೂಲು, ರೂಲಲ್ಲಿ ತಪ್ಪೇನಿಲ್ಲ. ಕೊಡ್ಲಿಲ್ಲ ಅಂದ್ರೆ ತಪ್ಪಿಸ್ಕೊಂಡ ಲೆಕ್ಕ. ಸೆಲ್ವಂ ಒಳಗೆ ಏನೂ ಇರ್ಲಿಲ್ಲ, ಶುದ್ಧ ನೀರು. ಆದ್ರೆ ಪಕ್ಕದಲ್ಲಿ ಕಾವಲಿಗೆ ಒಬ್ರು ನಿಂತಿದ್ರೆ ಅವನಿಗೆ ಬರ್ತಾನೇ ಇರ್ಲಿಲ್ಲ. ಬಾಟ್ಲಿಗಟ್ಟಲೆ ನೀರು ಕುಡಿದು, ಹೊಟ್ಟೆ ತಮಟೆ ಥರ ಆಗಿ, ಬಾಗಿಲು ಮುಚ್ಚೋ ಹೊತ್ತಿಗೆ ಹೆಂಗೋ ನಾಲ್ಕು ಹನಿ ಕೊಟ್ಟು ಬರ್ತಿದ್ದ. ಮಾರನೇ ದಿನ ಲಾಯಕ್ಕೆ ಬಂದಾಗ ಮುಖ ಬಿಳಿಚ್ಕೊಂಡಿರ್ತಿತ್ತು.

"ಒಂದಲ್ಲ ಒಂದಿನ ಬರೋದೇ ಇಲ್ಲ ಅಂಕಲ್. ಅವತ್ತು ನನ್ನ ಕಥೆ ಮುಗೀತು. ಕ್ಲೀನಾಗಿದ್ದೂ ಒಳಗೆ ಹೋಗ್ತೀನಿ."

ನಾನು ಅವತ್ತು ಏನೂ ಹೇಳ್ಲಿಲ್ಲ. ನಾನು ಸುಮ್ನಿದೀನಿ ಅಂದ್ರೆ ಏನೋ ಕಿತಾಪತಿ ನಡೀತಿದೆ ಅಂತ ಕಮಲಂಗೆ ಗೊತ್ತು, ಪಾಪ ಸೆಲ್ವಂಗೆ ಗೊತ್ತಿರ್ಲಿಲ್ಲ.

ಈಗ ಸಿಳ್ಳೆ ವಿಷಯ. ಕುದುರೆ ಕೆಲಸ ಮುಗಿಸಿ ಬಂದು ಹೊಸ ಹಾಸಿನ ಮೇಲೆ ನಿಂತ ತಕ್ಷಣ ಅದಕ್ಕೆ ಉಚ್ಚೆ ಬರತ್ತೆ. ಕಾಲು ಅಗಲ ಮಾಡಿ, ಬೆನ್ನು ತಗ್ಗಿಸಿ ನಿಲ್ಲತ್ತೆ. ಆ ಹೊತ್ತಿಗೆ ಸಯೀಸ ಒಂದು ಸಿಳ್ಳೆ ಹೊಡೀಬೇಕು, ಪ್ರತೀ ಸಲ, ಅದೇ ಸಿಳ್ಳೆ. ಕೆಲವು ವಾರ ಕಳೆದ್ಮೇಲೆ ಉಲ್ಟಾ ಆಗತ್ತೆ. ಸಿಳ್ಳೆ ಹೊಡೆದ್ರೆ ಸಾಕು, ಕುದುರೆ ಕಾಲು ಅಗಲ ಮಾಡತ್ತೆ. ರೇಸ್ ಕುದುರೆಗಳಿಗೆ ಇದನ್ನ ಕಲ್ಸಿರ್ತಾರೆ, ಯಾಕಂದ್ರೆ ರೇಸ್ ಆದ್ಮೇಲೆ ಅವುಕ್ಕೂ ಡೋಪಿಂಗ್ ಟೆಸ್ಟ್ ಇರತ್ತೆ. ನಮ್ಮ ಲಾಯದಲ್ಲಿ ಪ್ರೊಫೆಸರ್ ಅಂತ ಒಂದು ಕಂದು ಕುದುರೆ ಇದ್ದ. ಉದ್ದ ಮುಖ, ಯಾವಾಗ್ಲೂ ಏನೋ ಯೋಚ್ನೆ ಮಾಡೋ ಥರ ಕಣ್ಣು. ಒಂದು ರೇಸೂ ಗೆದ್ದಿರ್ಲಿಲ್ಲ, ಆದ್ರೂ ಸಿಳ್ಳೆ ಮಾತ್ರ ಫಸ್ಟ್ ಕ್ಲಾಸಾಗಿ ಕಲ್ತಿದ್ದ. ನಾನು ಕುರ್ಚೀಲಿ ಕೂತು ಹೊಡೆದು ತೋರ್ಸಿದಾಗ ಸೆಲ್ವಂ ಬಾಯಿ ಬಿಟ್ಕೊಂಡು ನಿಂತ.

"ಇವಂಗೂ ಯೂರಿನ್ ಟೆಸ್ಟ್ ಮಾಡ್ತಿದ್ರಾ ಅಂಕಲ್?"

"ಹೂಂ ಮತ್ತೆ. ನಿನ್ನ ಸೀನಿಯರ್ ಅವನು."

ಅವತ್ತಿಂದ ಸೆಲ್ವಂ, ಪ್ರೊಫೆಸರ್ ದೋಸ್ತ್ ಆಗೋದ್ರು. ಪ್ರೊಫೆಸರ್ ಬಾಗಿಲಿಂದ ಕತ್ತು ಚಾಚಿ ಅವನ ಟೋಪಿ ಕಿತ್ಕೊಳ್ಳೋದು, ಇವನು ಅದನ್ನ ಬೈದು ಬೈದು ವಾಪಸ್ ತಗೊಳ್ಳೋದು, ದಿನಾ ಬೆಳಿಗ್ಗೆ ಇದೇ. ಸೆಲ್ವಂಗೆ ಸಿಳ್ಳೆ ಹೊಡೆಯಕ್ಕೆ ಬರ್ತಿರ್ಲಿಲ್ಲ, ಹಲ್ಲಿನ ಸಂದಿಯಿಂದ ಬರೀ ಗಾಳಿ ಹೋಗೋದು. ಹಮೀದ್ ನೋಡಿ ನಗೋನು, "ಟಯರ್ ಪಂಕ್ಚರ್ ಲಾ" ಅಂತ. ಅಲ್ಲಿನೋರು ಮಾತಿನ ಕೊನೆಗೆ ಸುಮ್ನೆ ಒಂದು ಲಾ ಸೇರಿಸ್ತಾರೆ. ನಾನು ನಾಲಗೆ ಮಡಿಸಿ ಬಲಗೆನ್ನೆ ಪಕ್ಕದಿಂದ ಊದೋದು ಹೇಳ್ಕೊಟ್ಟೆ. ಬಸ್ಸಲ್ಲೆಲ್ಲ ಪ್ರಾಕ್ಟೀಸ್ ಮಾಡ್ತಿದ್ದ. ಆಂಟಿಗಳು ಎದ್ದು ಬೇರೆ ಸೀಟಿಗೆ ಹೋಗ್ತಿದ್ರು.

ಇಷ್ಟರಲ್ಲಿ ನಾನು ನನ್ನ ಕೆಲಸ ಶುರು ಮಾಡಿದ್ದೆ. ಸೆಲ್ವಂ ಲಾಯದ ಟಾಯ್ಲೆಟ್ಟಿಗೆ ಹೋದಾಗೆಲ್ಲ ನಾನೂ ಎದ್ದು, ಜೇಬಲ್ಲಿ ಕೈ ಇಟ್ಕೊಂಡು, ಗೋಡೆ ಈಚೆ ನಿಂತು ಅದೇ ಸಿಳ್ಳೆ ಹೊಡೀತಿದ್ದೆ. ಪ್ರತೀ ಸಲ. ಮನುಷ್ಯ ಕುದುರೆಗಿಂತ ದಡ್ಡ ಇರ್ಬೋದು ಅಂತ ಒಂದು ವಾರ ಜಾಸ್ತೀನೇ ಹೊಡ್ದೆ. ಆಮೇಲೆ ಒಂದಿನ ಎಲ್ರೂ ಕೂತು ಕೋಪಿ, ಅಂದ್ರೆ ಅಲ್ಲಿನ ಕಾಫಿ, ಕುಡೀತಿದ್ದಾಗ, ನಾನು ಆಕಾಶ ನೋಡ್ತಾ ಸುಮ್ನೆ ಹೊಡ್ದೆ. ಸೆಲ್ವಂ ಲೋಟ ಕೆಳಗಿಟ್ಟು ಎದ್ದ. ಎರಡು ಹೆಜ್ಜೆ ಹೋದ, ನಿಂತ, ತಿರುಗಿ ನನ್ನ ಮುಖ ನೋಡ್ದ.

"ಅಂಕಲ್. ನಾನೇನು ಕುದುರೇನಾ?"

ಹಮೀದ್ ನಕ್ಕು ನಕ್ಕು ಕುರ್ಚಿಯಿಂದ ಬಿದ್ದ. ಸೆಲ್ವಂ ನನ್ನ ಹತ್ರ ಎರಡು ದಿನ ಮಾತಾಡ್ಲಿಲ್ಲ. ಮೂರನೇ ದಿನ ತಾನಾಗೇ ಬಂದು ಪಕ್ಕದಲ್ಲಿ ನಿಂತ, ಮುಖ ಬೇರೆ ಕಡೆ ಮಾಡ್ಕೊಂಡು.

"ನಿನ್ನೆ ರಿಪೋರ್ಟಿಂಗ್ ಇತ್ತು," ಅಂದ. "ಅಲ್ಲಿ ನಿಂತಾಗ ನಿಮ್ಮ ಸಿಳ್ಳೆ ನೆನಪಾಯ್ತು. ನಿಮ್ಮನ್ನ ಮನಸ್ಸಲ್ಲೇ ಬೈದೆ. ಬೈತಾ ಬೈತಾ ನಗು ಬಂತು. ನಗ್ತಾ ನಗ್ತಾ..."

"ಬಂತಾ?"

"ಬಂತು."

"ನಾನು ಯಾರು ಅಂದ್ಕೊಂಡೆ," ಅಂದೆ.

"ನಿಮ್ಮ ಸಿಳ್ಳೆಗಲ್ಲ ಅಂಕಲ್. ನಗುಗೆ ಬಂದಿದ್ದು." ಅವತ್ತಿಂದ ಇವತ್ತಿನವರೆಗೂ ಅದೇ ವಾದ ಅವನದ್ದು.

ಸೆಪ್ಟೆಂಬರ್ ಬಂತು, ಹೊಗೆ ಬಂತು. ಸಮುದ್ರದ ಆಚೆ ಕಾಡು ಸುಡ್ತಿದಾರೆ ಅಂತ ಹೇಳಿದ್ರು. ಬೆಳಿಗ್ಗೆ ಎದ್ದು ಬಾಲ್ಕನೀಲಿ ನಿಂತ್ರೆ ಎದುರಿಗಿದ್ದ ಬ್ಲಾಕೇ ಕಾಣ್ತಿರ್ಲಿಲ್ಲ. ಇಡೀ ಊರು ಯಾರೋ ಹಸಿ ಸೌದೆ ಒಲೆ ಹಚ್ಚಿದ ಹಾಗೆ ಘಾಟು. ಸೂರ್ಯ ಅನ್ನೋದು ಕಿತ್ತಳೆ ಬಣ್ಣದ ಮಾತ್ರೆ ಥರ ಮೇಲೆ ಅಂಟ್ಕೊಂಡಿತ್ತು. ಜನ ಮೊಬೈಲಲ್ಲಿ ಗಂಟೆಗಂಟೆಗೂ ಹೊಗೆ ಎಷ್ಟಿದೆ ಅಂತ ನೋಡೋರು. ಸ್ಕೂಲಿಗೂ ಒಂದಿನ ರಜ ಕೊಟ್ರು. ಕಮಲ ಒದ್ದೆ ಟವಲ್ ಬಾಗಿಲ ಸಂದಿಗೆಲ್ಲ ತುರುಕಿ, "ಇವತ್ತೂ ಕುದುರೆ ಹತ್ರ ಹೋಗ್ತೀರಾ?" ಅಂತಿದ್ಲು. ಮಾಸ್ಕ್ ಹಾಕ್ಕೊಂಡು ಹೋಗ್ತಿದ್ದೆ. ಮಾಸ್ಕ್ ಹಾಕಿದ್ರೆ ನಂಗೊಂದೇ ತೊಂದ್ರೆ, ನನ್ನ ಮೀಸೆ ಕಾಣಲ್ಲ.

ಲಾಯದಲ್ಲಿ ಕೆಲಸ ನಿಂತೋಯ್ತು. ಈ ಗಾಳೀಲಿ ಕುದುರೆ ಓಡ್ಸಿದ್ರೆ ಶ್ವಾಸಕೋಶ ಹೋಗತ್ತೆ. ಮೇಡಂ ಓಂಗ್ ಎಲ್ಲಾ ಕುದುರೇನೂ ಒಳಗೇ ಇಟ್ರು, ಫ್ಯಾನ್ ಹಾಕ್ಸಿದ್ರು, ಹುಲ್ಲಿಗೆ ನೀರು ಚಿಮುಕ್ಸಿ ಕೊಡಕ್ಕೆ ಹೇಳಿದ್ರು. ಒಂದು ಆರ್ಡರ್ ಗಟ್ಟಿಯಾಗಿ ಕೊಟ್ರು: ಕೆಲಸ ಇಲ್ದಿರೋ ಕುದುರೆಗೆ ಕಾಳು ಅರ್ಧಕ್ಕಿಂತ ಜಾಸ್ತಿ ಹಾಕೋ ಹಾಗಿಲ್ಲ. ಓಟ್ಸ್ ಅನ್ನೋದು ಬೆಂಕಿ ಇದ್ದ ಹಾಗೆ. ಓಡಿದ್ರೆ ಖರ್ಚಾಗತ್ತೆ, ನಿಂತ್ರೆ ಮೈಯಲ್ಲೇ ಕೂತ್ಕೊಳ್ಳತ್ತೆ, ಆಮೇಲೆ ಒಂದಿನ ಸಡನ್ನಾಗಿ ಹೊರಗೆ ಕರ್ಕೊಂಡು ಹೋದ್ರೆ ಹಿಂಗಾಲಿನ ಮಾಂಸ ಕಲ್ಲಾಗಿ ಹಿಡ್ಕೊಳ್ಳತ್ತೆ. ಆವಾಗ ಕುದುರೆನ ಒಂದು ಹೆಜ್ಜೆ ಕೂಡ ನಡೆಸ್ಬಾರ್ದು. ನಡೆಸಿದ್ರೆ ಮಾಂಸ ಒಡೆದು ಉಚ್ಚೇಲಿ ಹೋಗತ್ತೆ, ಕಿಡ್ನಿ ಕಟ್ಕೊಳ್ಳತ್ತೆ, ಕುದುರೇನೇ ಹೋಗ್ಬೋದು. ಇದನ್ನ ನಾನೂ ಕುರ್ಚೀಲಿ ಕೂತು ಸಾವಿರ ಸಲ ಹೇಳಿದ್ದೆ.

ಎಲ್ರೂ ತಲೆ ಆಡ್ಸಿದ್ರು. ಆದ್ರೆ ನಾವು ಯಾರ ಕೈಗೆ ಕಾಳಿನ ಡಬ್ಬ ಕೊಟ್ಟಿದ್ವಿ ನೋಡಿ. ಅಲ್ಲಿದ್ದೋರೆಲ್ಲ ಒಂದಲ್ಲ ಒಂದು ಸಲ ಜೈಲಲ್ಲೋ ಬ್ಯಾರಕ್ಕಲ್ಲೋ ಬಾಗಿಲ ಹಿಂದೆ ದಿನ ಎಣಿಸಿದೋರು. ತಪ್ಪು ಮಾಡ್ದೆ ಇರೋ ಕುದುರೆ ದಿನಗಟ್ಟಲೆ ಒಳಗೆ ನಿಂತು, ಊಟದ ಡಬ್ಬದ ಸದ್ದಾದಾಗ ಬಾಗಿಲಿಗೆ ಬಂದು ಮುಖ ನೋಡಿದ್ರೆ ಅವರ ಕರುಳು ತಡ್ಕೊಳ್ತಿರ್ಲಿಲ್ಲ. ಇದು ನಮಗೆ ಆಮೇಲೆ ಗೊತ್ತಾಗಿದ್ದು.

ಒಂದು ಸಾಯಂಕಾಲ ಮಳೆ ಬಂತು. ಬಂತು ಅಂದ್ರೆ ಸುರೀತು. ಮಾರನೇ ದಿನ ಬೆಳಿಗ್ಗೆ ಆಕಾಶ ತೊಳೆದ ತಟ್ಟೆ ಥರ. ಎದುರು ಬ್ಲಾಕಿನ ಬಾವುಟಗಳು ಮತ್ತೆ ಕಾಣಿಸಿದ್ವು. ಮೇಡಂ ಓಂಗ್ ಕಾಯ್ತಾ ಇದ್ದದ್ದು ಇದಕ್ಕೇ. ಹೊಗೆಯಿಂದ ಮುಂದಕ್ಕೆ ಹೋಗ್ತಾ ಇದ್ದ ಕೊನೇ ಪರೀಕ್ಷೆ ಅವತ್ತೇ ಅಂದ್ರು.

ಸೆಲ್ವಂಗೆ ಅವತ್ತು ಸಾಯಂಕಾಲ ರಿಪೋರ್ಟಿಂಗೂ ಇತ್ತು. "ಎರಡೂ ಒಂದೇ ದಿನ ಅಂಕಲ್," ಅಂದ.

"ಒಂದೇ ಖರ್ಚಲ್ಲಿ ಎರಡು ಮದುವೆ," ಅಂದೆ.

ಮೇಡಂ ಓಂಗ್ ನನ್ನ ಕುರ್ಚೀನ ಗೋಡೆ ಪಕ್ಕಕ್ಕೆ ಎಳೆದ್ರು. "ಅಂಕಲ್, ಇವತ್ತು ನಿಮ್ಮ ಬಾಯಿಂದ ಶಬ್ದ ಬಂದ್ರೆ ಇವನು ಫೇಲ್. ಸಿಳ್ಳೇನೂ ಶಬ್ದಾನೇ." ನಾನು ತುಟಿ ಮೇಲೆ ಬೆರಳಿಟ್ಟು ಸೆಲ್ಯೂಟ್ ಹೊಡ್ದೆ.

ಸೆಲ್ವಂಗೆ ಬಂದಿದ್ದು ಪ್ರೊಫೆಸರ್. ಮಾಲೀಸು ಮಾಡೋದು, ಗೊರಸು ಕೆರೆಯೋದು, ಜೀನು ಕಟ್ಟೋದು, ಹೊರಗೆ ಕರ್ಕೊಂಡು ಹೋಗಿ ರಿಂಗ್ ಅನ್ನೋ ಬೇಲಿ ಹಾಕಿದ ಬಯಲಲ್ಲಿ ನಡೆಸಿ ಓಡಿಸಿ ತೋರ್ಸೋದು. ಮಾಲೀಸು ನೋಡಿ ನಂಗೇ ಕಣ್ಣು ತುಂಬ್ತು, ಅಷ್ಟು ಚೆನ್ನಾಗಿ ಕಲ್ಸಿದ್ದೆ. ಜೀನು ಕಟ್ಟಿ ಹೊರಗೆ ಕರ್ಕೊಂಡು ಬಂದ. ಲಾಯದ ಅಂಗಳ ದಾಟೋ ಹೊತ್ತಿಗೆ ಪ್ರೊಫೆಸರ್ ಹಿಂಗಾಲು ಚಿಕ್ಕ ಚಿಕ್ಕದಾಗಿ ಇಡಕ್ಕೆ ಶುರು ಮಾಡ್ದ. ಕುರ್ಚೀಲಿದ್ದ ನಂಗೆ ಕಾಣಿಸ್ತು. ಬೆಳಗಿನ ತಂಪು, ಆದ್ರೂ ಪಕ್ಕೆ ಮೇಲೆ ಬೆವರು. ನಾಲಗೆ ತುದಿವರೆಗೆ ಬಂತು, ಕಚ್ಚಿ ಹಿಡ್ಕೊಂಡೆ. ಕುರ್ಚಿ ಕೈ ಮುರಿಯೋ ಹಾಗೆ ಹಿಡ್ಕೊಂಡೆ. ನನ್ನ ಜನ್ಮದಲ್ಲಿ ಅಷ್ಟು ಹೊತ್ತು ಬಾಯಿ ಮುಚ್ಚಿದ್ದು ಅದೇ ಮೊದಲು, ಅದೇ ಕೊನೆ.

ಸೆಲ್ವಂ ನಿಂತ. ಹಗ್ಗ ಸಡಿಲ ಬಿಟ್ಟು ಹಿಂದೆ ಹೋಗಿ ಪ್ರೊಫೆಸರ್ ತೊಡೆ ಮೇಲೆ ಅಂಗೈ ಇಟ್ಟ.

"ಏನಾಯ್ತು?" ರಿಂಗ್ ಹತ್ರದಿಂದ ಮೇಡಂ ಕೂಗಿದ್ರು. "ನಿಂತೂ ನಿಂತೂ ಜಡ್ಡಾಗಿದಾನೆ ಅಷ್ಟೆ. ನಡೆಸು, ಬಿಸಿ ಆದ್ರೆ ಸರಿ ಹೋಗ್ತಾನೆ."

"ಇಲ್ಲ ಮೇಡಂ."

"ಏನು?"

"ನಡೆಸಲ್ಲ."

ಮೇಡಂ ಓಂಗ್‌ಗೆ ಇಲ್ಲ ಅಂದೋರನ್ನ ಆ ಲಾಯದಲ್ಲಿ ಯಾರೂ ನೋಡಿರ್ಲಿಲ್ಲ. ಅವ್ರು ನಿಧಾನಕ್ಕೆ ನಡ್ಕೊಂಡು ಬಂದ್ರು.

"ಸೆಲ್ವಂ, ಇದು ನಿನ್ನ ಪರೀಕ್ಷೆ. ರಿಂಗಿಗೆ ಹೋಗ್ಲಿಲ್ಲ ಅಂದ್ರೆ ನಾನು ಏನು ಬರೀಬೇಕು ಅಂತ ಗೊತ್ತಲ್ವಾ?"

"ಗೊತ್ತು ಮೇಡಂ. ಫೇಲ್ ಅಂತ ಬರೀರಿ. ಇವನ್ನ ಮಾತ್ರ ಒಂದು ಹೆಜ್ಜೆ ನಡೆಸಲ್ಲ. ಮಾಂಸ ಹಿಡ್ಕೊಂಡಿದೆ."

"ಅದು ಹೆಂಗೆ ಹಿಡ್ಕೊಳ್ಳತ್ತೆ? ಕಾಳು ಅರ್ಧ ಮಾಡ್ಸಿದೀನಲ್ಲ."

ಸೆಲ್ವಂ ನನ್ನ ಕಡೆ ನೋಡ್ಲಿಲ್ಲ, ಯಾರ ಕಡೇನೂ ನೋಡ್ಲಿಲ್ಲ. ಪ್ರೊಫೆಸರ್ ಕತ್ತಿನ ಮೇಲೆ ಕೈ ಇಟ್ಕೊಂಡು, ನೆಲ ನೋಡ್ತಾ ಹೇಳ್ದ. "ಅರ್ಧ ಅಲ್ಲ ಮೇಡಂ. ನಾನು ಸಾಯಂಕಾಲ ಹೋಗೋವಾಗ ಒಂದು ಬೊಗಸೆ ಹಾಕ್ತಿದ್ದೆ. ದಿನಾ. ಇವನು ಒಳಗೇ ಇದ್ದ, ನೋಡಕ್ಕಾಗ್ತಿರ್ಲಿಲ್ಲ. ಒಂದು ಬೊಗಸೆಗೆ ಏನಾಗತ್ತೆ ಅಂದ್ಕೊಂಡೆ."

ಆ ಮಾತು ಅವನು ಹೇಳ್ಬೇಕಿರ್ಲಿಲ್ಲ. ಕುದುರೆಗೆ ಹುಷಾರಿಲ್ಲ ಅಂತ ಅಷ್ಟೇ ಹೇಳಿದ್ರೆ ಪರೀಕ್ಷೆ ಇನ್ನೊಂದು ದಿನಕ್ಕೆ ಹೋಗ್ತಿತ್ತು, ಯಾರಿಗೂ ಗೊತ್ತಾಗ್ತಿರ್ಲಿಲ್ಲ. ಹೌಗಾಂಗ್‌ನ ತಾಯಿ ಮನೆ ಬಾಗಿಲನ್ನ ಅವನು ತನ್ನ ಕೈಯಾರೆ ಹಾಕ್ಕೊಂಡ ಅಂತ ನಂಗನ್ನಿಸ್ತು.

ಹಿಂದಿನಿಂದ ಬೂಟಿನ ಸದ್ದು. ಹಮೀದ್ ಬಂದು ಅಟೆನ್ಷನ್‌ನಲ್ಲಿ ನಿಂತ. "ನಾನೂ ಹಾಕ್ತಿದ್ದೆ ಮೇಡಂ. ಬೆಳಿಗ್ಗೆ. ಒಂದೇ ಬೊಗಸೆ."

ಆಮೇಲೆ ಇನ್ನೊಬ್ಬ. ಆಮೇಲೆ ಇನ್ನೊಬ್ಬ, ತಲೆ ಕೆರ್ಕೊಂಡು, "ನಾನು ಮಧ್ಯಾಹ್ನ ಲಾ". ಎಲ್ರೂ ಕದ್ದು, ಒಬ್ರಿಗೊಬ್ರು ಹೇಳ್ದೆ, ಒಂದೊಂದೇ ಬೊಗಸೆ. ಪ್ರೊಫೆಸರ್ ಅರ್ಧ ಊಟದಲ್ಲಲ್ಲ, ಮದುವೆ ಊಟದಲ್ಲಿದ್ದ. ಮೇಡಂ ಓಂಗ್ ಒಬ್ಬೊಬ್ಬರ ಮುಖಾನೂ ನೋಡಿ, ಕೊನೇಲಿ ನಿಧಾನಕ್ಕೆ ನನ್ನ ಕಡೆ ತಿರುಗಿದ್ರು. ನಾನು ಛಾವಣಿ ನೋಡ್ತಿದ್ದೆ. ಮಾತಾಡ್ಬಾರ್ದು ಅಂತ ಆರ್ಡರ್ ಇತ್ತಲ್ಲ. ಜೇಬಲ್ಲಿ ಬೆಲ್ಲದ ಚೂರುಗಳು ಇದ್ದದ್ದು ಸಕ್ಕರೆ ಕಾಯಿಲೆಯೋನಿಗೆ ಅರ್ಜೆಂಟಿಗೆ ಬೇಕಾಗತ್ತೆ ಅಂತ.

ಮೇಡಂ ಪ್ರೊಫೆಸರ್ ತೊಡೆ ಮುಟ್ಟಿದ್ರು, ಕೈ ತೆಗೆದ್ರು, ಡಾಕ್ಟರ್‌ಗೆ ಫೋನ್ ಮಾಡಿದ್ರು. ಡಾಕ್ಟರ್ ಆ ಕಡೆಯಿಂದ ಮೊದಲು ಕೇಳಿದ್ದೇ ಉಚ್ಚೆ ಬಣ್ಣ ಏನು ಅಂತ.

ಪ್ರೊಫೆಸರ್ ನಿಂತಲ್ಲೇ ನಡುಗ್ತಿದ್ದ. ಕಾಲು ಅಗಲ ಮಾಡಕ್ಕೆ ನೋಡ್ದ, ನೋವಿಗೆ ವಾಪಸ್ ಎಳ್ಕೊಂಡ. ಮೇಡಂ ಓಂಗ್ ತುಟಿ ಮುಂದೆ ಮಾಡಿ ಊದಿದ್ರು, ಆದ್ರೆ ಆತಂಕಕ್ಕೆ ಅವ್ರ ಬಾಯಿ ಒಣಗಿ ಬರೀ ಉಸಿರು ಬಂತು. ನನ್ನ ಕಡೆ ನೋಡಿದ್ರು. ನಾನು ಸೆಲ್ವಂ ಕಡೆ ಗಲ್ಲ ತಿರುಗಿಸ್ದೆ.

ಸೆಲ್ವಂ ನಾಲಗೆ ಮಡಿಸ್ದ. ಬಲಗೆನ್ನೆ ಪಕ್ಕದಿಂದ ಬಂತು ಆ ಸಿಳ್ಳೆ. ಉದ್ದಕ್ಕೆ, ಕೊನೇಲಿ ಸ್ವಲ್ಪ ಕೆಳಗಿಳಿಯೋ ಹಾಗೆ. ಒಂದು ಸಲ ಹೊಡ್ದ, ಕಾದ. ಕಿವಿ ಹತ್ರ ಹೋಗಿ ಮತ್ತೆ ಹೊಡ್ದ, ಇನ್ನೂ ಮೆಲ್ಲಗೆ, ಮಗು ಮಲಗ್ಸೋ ಹಾಗೆ. ಪ್ರೊಫೆಸರ್ ಕಿವಿ ಹಿಂದಕ್ಕೆ ಹೋಯ್ತು. ಕಷ್ಟಪಟ್ಟು, ಇಷ್ಟಿಷ್ಟೇ, ಕಾಲು ಅಗಲ ಮಾಡ್ದ. ಹಮೀದ್ ಬಕೆಟ್ ಹಿಡ್ಕೊಂಡು ಮಂಡಿ ಊರಿ ಕೂತ.

ಬಕೆಟ್ಟಿಗೆ ಬಿದ್ದಿದ್ದು ಕೋಪಿ-ಓ. ಹಾಲಿಲ್ದಿರೋ ಕರೀ ಕಾಫಿ, ಅದೇ ಬಣ್ಣ.

"ನಡೆಸ್ಬೇಡಿ," ಅಂದ್ರಂತೆ ಫೋನಲ್ಲಿ ಡಾಕ್ಟರ್. "ಒಂದು ಹೆಜ್ಜೇನೂ ನಡೆಸ್ಬೇಡಿ. ರಿಂಗಿಗೆ ಕರ್ಕೊಂಡು ಹೋಗಿಲ್ಲ ತಾನೆ?"

"ಇಲ್ಲ," ಅಂದ್ರು ಮೇಡಂ ಓಂಗ್. "ನನ್ನ ಸಯೀಸ ಬಿಡ್ಲಿಲ್ಲ."

ನನ್ನ ಸಯೀಸ ಅಂದ್ರು. ನಾನು ಕೇಳಿಸ್ಕೊಂಡೆ, ಹಮೀದ್ ಕೇಳಿಸ್ಕೊಂಡ. ಸೆಲ್ವಂಗೆ ಮಾತ್ರ ಕೇಳಿಸ್ಲಿಲ್ಲ, ಅವನು ಪ್ರೊಫೆಸರ್ ಬಾಯಿಗೆ ನೀರಿನ ಬಕೆಟ್ ಹಿಡೀತಿದ್ದ. ಡಾಕ್ಟರ್ ಬಂದು ಇಂಜೆಕ್ಷನ್ ಕೊಟ್ಟು, ಅಂಗಳದಲ್ಲೇ ಬಾಟ್ಲಿ ಏರ್ಸಿದ್ರು. ನೆರಳಿಗೆ ನಾಲ್ಕು ಜನ ಟಾರ್ಪಾಲಿನ್ ಹಿಡ್ಕೊಂಡು ನಿಂತ್ರು, ಮಧ್ಯಾಹ್ನದವರೆಗೂ. ಎರಡನೇ ಬಕೆಟ್ ಬರೋ ಹೊತ್ತಿಗೆ ಬಣ್ಣ ಟೀ ಕಡೆ ತಿರುಗಿತ್ತು. ಡಾಕ್ಟರ್ ತಲೆ ಆಡ್ಸಿದ್ರು. ಕುದುರೆ ಉಳ್ಕೊಂಡ.

ಆಮೇಲೆ ಸೆಲ್ವಂಗೆ ತನ್ನ ಪರೀಕ್ಷೆ ನೆನಪಾಯ್ತು. ಟೋಪಿ ತೆಗೆದು ಕೈಲಿ ಹಿಡ್ಕೊಂಡು ಮೇಡಂ ಮುಂದೆ ನಿಂತ. ಅವ್ರು ಬೂಟಿನ ಮಣ್ಣು ಕೆರೀತಾ ಹೇಳಿದ್ರು, "ಕದ್ದು ಕಾಳು ಹಾಕಿದ್ದಕ್ಕೆ ನಿಂಗೆ ಶಿಕ್ಷೆ ಇದೆ. ಇವನು ಹುಷಾರಾಗೋವರೆಗೂ ನೀನೇ ನೋಡ್ಕೋಬೇಕು. ಆದ್ಮೇಲೂ ನೀನೇ ನೋಡ್ಕೋಬೇಕು."

"ಆದ್ಮೇಲೂ ಅಂದ್ರೆ ಎಷ್ಟು ದಿನ ಮೇಡಂ?"

"ಸಂಬಳ ಬೇಡ ಅಂತ ನೀನು ಹೇಳೋವರೆಗೆ." ಆ ಹೆಂಗಸಿನ ಮುಖದಲ್ಲಿ ನಗು ಎಲ್ಲಿರತ್ತೆ ಅಂತ ಅವತ್ತು ಗೊತ್ತಾಯ್ತು. ಎಡಗಣ್ಣಿನ ಕೆಳಗೆ.

ಆಮೇಲೆ ನನ್ನ ಕಡೆ ತಿರುಗಿ, "ಅಂಕಲ್, ಈಗ ಮಾತಾಡ್ಬೋದು," ಅಂದ್ರು. ನಂಗೆ ಏನೂ ಹೊಳೀಲಿಲ್ಲ. ಇದನ್ನ ಕಮಲಂಗೆ ಹೇಳಿದ್ರೆ ಇವತ್ತಿಗೂ ನಂಬಲ್ಲ.

ಆದ್ರೆ ಆ ದಿನ ಇನ್ನೂ ಮುಗಿದಿರ್ಲಿಲ್ಲ. ಸಾಯಂಕಾಲದ ರಿಪೋರ್ಟಿಂಗ್ ಉಳಿದಿತ್ತು. ಬೆಳಿಗ್ಗೆಯಿಂದ ಸೆಲ್ವಂ ನೀರೇ ಕುಡಿದಿರ್ಲಿಲ್ಲ, ಎಲ್ಲಾ ಕುದುರೆಗೇ ಕುಡಿಸಿದ್ದ. ಇವತ್ತು ಬರ್ಲಿಲ್ಲ ಅಂದ್ರೆ ಸಿಕ್ಕಿದ ಕೆಲಸಾನೂ ಹೋಯ್ತು. ನಾನೂ ಬಸ್ ಹತ್ತಿದೆ ಅವನ ಜೊತೆ, ಆಮೇಲೆ ಎಂಆರ್‌ಟಿ. ದಾರಿಯುದ್ದಕ್ಕೂ ಅವನಿಗೆ ಬಾರ್ಲಿ ನೀರು ಕುಡಿಸ್ದೆ, ನನ್ನ ಕರ್ನಲ್ ಕಥೆ ಹೇಳ್ದೆ. ಅವನು ಏನೂ ಕೇಳಿಸ್ಕೊಳ್ಳಲಿಲ್ಲ. ಆ ಸೆಂಟರ್ ಗೇಟಿನ ಹತ್ರ ನಿಂತು ಕೇಳ್ದೆ, "ಈಚೆ ನಿಂತು ಸಿಳ್ಳೆ ಹೊಡೀಲಾ?"

"ಹೊಡೆದ್ರೆ ನಿಮ್ಮನ್ನೂ ಒಳಗೆ ಹಾಕ್ತಾರೆ ಅಂಕಲ್," ಅಂದು ಹೋದ.

ಎದುರಿನ ಬಸ್ ಸ್ಟಾಪಲ್ಲಿ ಕೂತೆ. ಮಳೆ ತೊಳೆದ ರಸ್ತೆ, ಮರದಿಂದ ಇನ್ನೂ ಹನಿ ಬೀಳ್ತಿತ್ತು, ಎಷ್ಟೋ ವಾರ ಆದ್ಮೇಲೆ ಹೊಗೆ ಇಲ್ದಿರೋ ಗಾಳಿ. ಸುಮಾರು ಹೊತ್ತು ಕೂರ್ಬೇಕಾಗತ್ತೆ ಅಂತ ಕಡಲೆಕಾಯಿ ಪೊಟ್ಟಣ ಬಿಚ್ಚಿದ್ದೆ. ಅರ್ಧ ಪೊಟ್ಟಣ ಆಗಿರ್ಲಿಲ್ಲ, ಸೆಲ್ವಂ ಗೇಟಿಂದ ಹೊರಗೆ ಬಂದ. ಎರಡು ಹಲ್ಲಿಲ್ಲದ ಬಾಯಿ ಕಿವಿವರೆಗೂ ಹೋಗಿತ್ತು.

"ಇಷ್ಟು ಬೇಗಾನಾ? ಹೆಂಗೋ?"

"ಬಕೆಟ್ ಹಿಡ್ಕೊಂಡು ಕೂತಿದ್ದ ಹಮೀದ್ ಮುಖ ನೆನಪಾಯ್ತು ಅಂಕಲ್."

ಆ ಕೆಲಸ ಕೈಲಿ ಹಿಡ್ಕೊಂಡು ಅವನು ಹೌಗಾಂಗ್‌ಗೆ ಹೋದ. ತಾಯಿ ಬಾಗಿಲು ತೆಗೆದವ್ರು ಮೊದಲು ಮೂಗು ಮುಚ್ಕೊಂಡು, ಸ್ನಾನ ಮಾಡ್ಕೊಂಡು ಒಳಗೆ ಬಾ ಅಂದ್ರಂತೆ. ಅದನ್ನ ಹೇಳೋವಾಗ ಸೆಲ್ವಂ ಕಣ್ಣು ಒರೆಸ್ಕೊಂಡ. ಒಳಗೆ ಬಾ ಅಂದ್ರಲ್ಲ ಅಂತ.

ಕ್ಲಿನಿಕ್ಕಿಂದ ಬಂದ ಮಾರನೇ ದಿನ ಕಮಲನ್ನೂ ಕರ್ಕೊಂಡು ಲಾಯಕ್ಕೆ ಹೊರಟೆ. ಬರ್ತೀವಿ ಅಂತ ಹೇಳಿರ್ಲಿಲ್ಲ, ಹೇಳದೆ ಹೋಗಿ ಹೆದರಿಸ್ಬೇಕು ಅಂತ ಪ್ಲಾನ್ ಮಾಡಿದ್ದೆ. ಹೊರಡೋ ಮುಂಚೆ ಎರಡು ಲೋಟ ಕಾಫಿ ಕುಡಿದಿದ್ದೆ, ಬಸ್ಸು ಬೇರೆ ಸುತ್ತಿ ಸುತ್ತಿ ಹೋಯ್ತು. ಗೇಟಿನ ಹತ್ರ ಇಳಿದಾಗ ದೂರದಲ್ಲಿ, ಲಾಯದ ನಡುದಾರೀಲಿ ಒಬ್ಬ ನಿಂತು ಹೊಸ ಹುಡುಗರಿಗೆ ಏನೋ ಹೇಳ್ತಿದ್ದ. ತಲೆ ಬೆಳ್ಳಗಾಗಿತ್ತು, ಹಲ್ಲು ಕಟ್ಟಿಸ್ಕೊಂಡಿದ್ದ. ಪಕ್ಕದಲ್ಲಿ ಅದೇ ಕೆಂಪು ಕುರ್ಚಿ. ಅವನ ಹೆಗಲ ಮೇಲೆ ಮುಪ್ಪಾದ ಪ್ರೊಫೆಸರ್‌ನ ಉದ್ದ ಮುಖ.

ಅವನು ನನ್ನ ನೋಡ್ದ. ಕೈ ಬೀಸ್ಲಿಲ್ಲ, ಓಡಿ ಬರ್ಲಿಲ್ಲ, ಹೆಸರು ಹಿಡಿದು ಕೂಗ್ಲಿಲ್ಲ. ಕೈ ಎರಡೂ ಜೇಬಲ್ಲಿಟ್ಕೊಂಡು, ಆಕಾಶ ನೋಡ್ತಾ, ಬಲಗೆನ್ನೆ ಪಕ್ಕದಿಂದ ಉದ್ದಕ್ಕೆ ಸಿಳ್ಳೆ ಹೊಡ್ದ.

ಒಳಗೆ ಪ್ರೊಫೆಸರ್ ಕಾಲು ಅಗಲ ಮಾಡಿದ ಸದ್ದು ಕೇಳಿಸ್ತು. ಕಮಲ ಸೆರಗು ಬಾಯಿಗಿಟ್ಕೊಂಡು ನನ್ನ ಮುಖಾನೇ ನೋಡ್ತಿದ್ಲು.

ನಾನು ದಫೇದಾರ ಕಣ್ರೀ, ಪ್ರೊಫೆಸರ್ ಅಲ್ಲ. ಎದೆ ಸೆಟೆದು, ಹೆಜ್ಜೆ ತಪ್ಪದೆ, ಯಾರ ಕಡೇನೂ ನೋಡ್ದೆ ಟಾಯ್ಲೆಟ್ ಬಾಗಿಲವರೆಗೂ ಮಾರ್ಚ್ ಮಾಡ್ಕೊಂಡು ಹೋದೆ. ಅಲ್ಲಿಂದಾಚೆಗೆ ಓಡ್ದೆ.